ಭ್ರೂಣವೆಂಬ ವಾದ್ಯವೃಂದ: ಮ್ಯೂನಿಕ್‌ನಿಂದ ಬೆಂಗಳೂರಿಗೆ ಒಂದು ಲಯಯಾತ್ರೆ

(ಒಸಾಕಾದ ಕನ್ನಡ ಕುಟುಂಬಗಳ ಸಂತೋಷಕೂಟದಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ವೈದ್ಯನೊಬ್ಬನನ್ನು ಉಪನ್ಯಾಸಕ್ಕೆ ಕರೆದರೆ ಆತ ಮಧುಮೇಹದ ಬಗೆಗೋ ರಕ್ತದೊತ್ತಡದ ಬಗೆಗೋ ಮಾತನಾಡುವನೆಂದು ನಿರೀಕ್ಷಿಸುವುದು ಸಹಜ. ಊಟದ ಎಲೆ ಹಾಕುವ ಮುನ್ನ ಅಂತಹ ಮಾತುಗಳನ್ನಾಡಿ ನಿಮ್ಮ ಹೋಳಿಗೆಯ ಸವಿಯನ್ನು ಕೆಡಿಸಲು ನನಗೆ ಮನಸ್ಸಿಲ್ಲ. ಆದ್ದರಿಂದ ಇಂದು ಒಂದು ವಾದ್ಯವೃಂದದ ಚರಿತ್ರೆಯನ್ನು ತಮ್ಮ ಮುಂದಿಡಲು ಬಯಸುತ್ತೇನೆ. ಅದರ ಹೆಸರು 'ಎಂಬ್ರಿಯೊ', ಅಂದರೆ ಭ್ರೂಣ. ಜರ್ಮನಿಯ ಮ್ಯೂನಿಕ್ ನಗರದಲ್ಲಿ ಹುಟ್ಟಿದ ಈ ಜಾಝ್-ರಾಕ್ ತಂಡದ ಕಥೆಯಲ್ಲಿ ನಮ್ಮ ಬೆಂಗಳೂರಿನ ಒಂದು ಸಂಗೀತಶಾಲೆಗೆ ಗೌರವದ ಸ್ಥಾನವಿದೆ. ಅದನ್ನು ಕನ್ನಡದಲ್ಲಿ ಹೇಳಬೇಕೆಂಬುದೇ ಈ ಉಪನ್ಯಾಸದ ಉದ್ದೇಶ.

ಈ ವಿಷಯವನ್ನು ಆರಿಸಿಕೊಳ್ಳಲು ಒಂದು ವೈಯಕ್ತಿಕ ಕಾರಣವೂ ಉಂಟು. ತೊಂಬತ್ತರ ದಶಕದ ಕೊನೆಯಲ್ಲಿ ನಾನು ಅಮೆರಿಕದಲ್ಲಿ ರೆಸಿಡೆನ್ಸಿ ಮಾಡುತ್ತಿದ್ದಾಗ ಜರ್ಮನಿಯಿಂದ ಬಂದಿದ್ದ ಸಹೋದ್ಯೋಗಿಯೊಬ್ಬರು ರಾತ್ರಿ ಪಾಳಿಯ ನಡುವೆ, "ನೀವು ಕರ್ನಾಟಕದವರಲ್ಲವೇ? ಹಾಗಾದರೆ ರಮಾಮಣಿಯವರ ಹಾಡುಗಾರಿಕೆಯನ್ನು ಕೇಳಿಯೇ ಇರುತ್ತೀರಿ" ಎಂದರು. ನಾನು ಕೇಳಿರಲಿಲ್ಲ. ಎಂ.ಬಿ.ಬಿ.ಎಸ್. ಓದುತ್ತ ಐದಾರು ವರ್ಷ ಬೆಂಗಳೂರಿನಲ್ಲಿಯೇ ಇದ್ದವನು ನಾನು. ನನ್ನ ಊರಿನ ಕಲಾವಿದೆಯ ಹೆಸರನ್ನು ಹೊರನಾಡಿನವರಿಂದ ತಿಳಿಯಬೇಕಾಯಿತಲ್ಲ ಎಂಬ ನಾಚಿಕೆ ಅಂದು ನನ್ನನ್ನು ಕಾಡಿತು. ಆ ನಾಚಿಕೆಯ ಋಣವನ್ನು ಇಂದು ತುಸುವಾದರೂ ತೀರಿಸುತ್ತಿದ್ದೇನೆ.

ಜಾಝ್ ಸಂಗೀತವು ನೀವು ನೆಲೆಸಿರುವ ಈ ನಗರಕ್ಕೆ ಹೊಸತಲ್ಲ. 1920ರ ದಶಕದಲ್ಲಿ ದೋತೊಂಬೊರಿ ಕಾಲುವೆಯ ಆಸುಪಾಸಿನ ನೃತ್ಯಶಾಲೆಗಳು ಜಪಾನಿನ ಜಾಝ್‌ಗೆ ತೊಟ್ಟಿಲಾಗಿದ್ದವು. 1923ರ ಮಹಾಭೂಕಂಪದ ಬಳಿಕ ತೋಕಿಯೊದ ಅನೇಕ ವಾದಕರು ಇಲ್ಲಿಗೆ ಬಂದರು. 1927ರಲ್ಲಿ ನೃತ್ಯಶಾಲೆಗಳ ಮೇಲೆ ನಿರ್ಬಂಧ ಬಿದ್ದಾಗ ವಾದಕರು ಮತ್ತೆ ಚದುರಿದರು. ಹೀಗೆ ಸಂಗೀತವೂ ನಮ್ಮಂತೆಯೇ ವಲಸೆಗಾರ. ಎಲ್ಲಿ ಅನ್ನ ದೊರೆಯುವುದೋ, ಕೇಳುವ ಕಿವಿಗಳಿರುವುವೋ, ಅಲ್ಲಿ ಬೇರೂರುತ್ತದೆ.

ಇನ್ನು ಜಾಝ್-ರಾಕ್ ಎಂದರೇನು? ಅಮೆರಿಕದ ಕಪ್ಪು ಜನರ ನಡುವೆ ಹುಟ್ಟಿದ ಜಾಝ್‌ನ ಜೀವಾಳ ಮನೋಧರ್ಮ, ಅಂದರೆ ವಾದಕನು ಆ ಕ್ಷಣದಲ್ಲಿ ಕಲ್ಪಿಸಿಕೊಂಡು ನುಡಿಸುವುದು. ರಾಕ್ ಸಂಗೀತದ ಬಲವಿರುವುದು ವಿದ್ಯುತ್ ಗಿಟಾರಿನಲ್ಲಿ, ಡ್ರಮ್ಮಿನ ಗಟ್ಟಿ ಹೊಡೆತದಲ್ಲಿ. ಅರವತ್ತರ ದಶಕದ ಕೊನೆಯಲ್ಲಿ ಇವೆರಡೂ ಬೆರೆತವು. ಮೈಲ್ಸ್ ಡೇವಿಸ್ ಅವರ 1970ರ 'ಬಿಚಸ್ ಬ್ರೂ' ಧ್ವನಿಮುದ್ರಿಕೆ ಈ ಬೆರಕೆಗೆ ರಾಜಮುದ್ರೆಯೊತ್ತಿತು.

ಅದಕ್ಕೆ ಒಂದು ವರ್ಷ ಮೊದಲೇ, 1969ರಲ್ಲಿ, ಮ್ಯೂನಿಕ್‌ನಲ್ಲಿ ಕ್ರಿಸ್ಟಿಯಾನ್ ಬುರ್ಕಾರ್ಡ್ ಮತ್ತು ಎಡ್ಗರ್ ಹೋಫ್ಮನ್ ಎಂಬಿಬ್ಬರು 'ಎಂಬ್ರಿಯೊ' ತಂಡವನ್ನು ಕಟ್ಟಿದರು. ಬುರ್ಕಾರ್ಡ್ 1946ರಲ್ಲಿ ಬವೇರಿಯಾದ ಹೋಫ್ ಎಂಬ ಊರಿನಲ್ಲಿ ಜನಿಸಿದವರು. ಡ್ರಮ್ ಮತ್ತು ವೈಬ್ರಫೋನ್ ಅವರ ವಾದ್ಯಗಳು. ಹೋಫ್ಮನ್ ಸ್ಯಾಕ್ಸೊಫೋನ್ ಮತ್ತು ಪಿಟೀಲು ನುಡಿಸುತ್ತಿದ್ದರು. ಮೊದಲ ಧ್ವನಿಮುದ್ರಿಕೆ 'ಓಪಲ್' 1970ರಲ್ಲಿ ಹೊರಬಂದಿತು. ಮುಂದೆ ಗಿಟಾರ್ ವಾದಕ ರೋಮನ್ ಬುಂಕಾ ತಂಡವನ್ನು ಸೇರಿದರು. ಅಮೆರಿಕದಿಂದ ಬಂದು ಮ್ಯೂನಿಕ್‌ನಲ್ಲಿ ನೆಲೆಸಿದ್ದ ಪಿಯಾನೋವಾದಕ ಮಾಲ್ ವಾಲ್ಡ್ರನ್ 1973ರ ಧ್ವನಿಮುದ್ರಿಕೆಗಳಲ್ಲಿ ಜೊತೆಗೂಡಿದರು. ಈ ತಂಡಕ್ಕೆ ಕಾಯಂ ಸದಸ್ಯರೆಂಬ ಕಟ್ಟುಪಾಡು ಇರಲಿಲ್ಲ. ಬಂದವರು ಬಂದರು, ಹೋದವರು ಹೋದರು. ಭ್ರೂಣವೆಂಬ ಹೆಸರು ಅನ್ವರ್ಥವೇ ಆಯಿತು. ಜೀವಕೋಶಗಳು ಸದಾ ವಿಭಜಿಸುತ್ತ ಬೆಳೆಯುತ್ತಿರುವ, ಇನ್ನೂ ಪೂರ್ಣರೂಪ ತಾಳದ ಜೀವವದು.

1973ರ 'ವಿ ಕೀಪ್ ಆನ್' ಧ್ವನಿಮುದ್ರಿಕೆಯಲ್ಲಿ ಸೇರಿದ ಸ್ಯಾಕ್ಸೊಫೋನ್ ವಾದಕರೊಬ್ಬರನ್ನು ಇಲ್ಲಿ ವಿಶೇಷವಾಗಿ ಸ್ಮರಿಸಬೇಕು. ಅವರೇ ಚಾರ್ಲಿ ಮರಿಯಾನೊ. 1923ರಲ್ಲಿ ಬಾಸ್ಟನ್ ನಗರದಲ್ಲಿ ಇಟಲಿಯ ವಲಸೆಗಾರ ದಂಪತಿಗಳ ಮಗನಾಗಿ ಹುಟ್ಟಿದ ಅವರು ಸ್ಟಾನ್ ಕೆಂಟನ್, ಚಾರ್ಲ್ಸ್ ಮಿಂಗಸ್ ಮೊದಲಾದ ದಿಗ್ಗಜರೊಡನೆ ನುಡಿಸಿದವರು. ಜಪಾನಿನ ಹೆಸರಾಂತ ಪಿಯಾನೋವಾದಕಿ ತೊಶಿಕೊ ಅಕಿಯೋಶಿ ಅವರನ್ನು 1959ರಲ್ಲಿ ವಿವಾಹವಾಗಿ, ಅವರೊಡನೆ ಕೆಲಕಾಲ ಈ ದೇಶದಲ್ಲಿಯೂ ಇದ್ದರು. ಅರವತ್ತರ ದಶಕದಲ್ಲಿ ಮಲೇಷ್ಯಾಕ್ಕೆ ಹೋದಾಗ ಅವರಿಗೆ ನಾಗಸ್ವರದ ಪರಿಚಯವಾಯಿತು. ನಮ್ಮಲ್ಲಿ ಮದುವೆ ಮನೆಯ ವಾಲಗವೆಂದು ಅರ್ಧ ಕಿವಿಗೊಟ್ಟು ಕೇಳುವ ಆ ನಾದಕ್ಕೆ ಅವರು ಮರುಳಾದರು. ಮುಂದೆ ದಕ್ಷಿಣ ಭಾರತಕ್ಕೆ ಬಂದು ಅದನ್ನು ಕಲಿತರು. ಐವತ್ತರ ಅಂಚಿನಲ್ಲಿ, ಕೀರ್ತಿ ಕೈಗೂಡಿದ ಮೇಲೆ, ಮತ್ತೆ ವಿದ್ಯಾರ್ಥಿಯಾಗುವುದು ಸಾಮಾನ್ಯರಿಂದ ಆಗುವ ಕೆಲಸವಲ್ಲ.

1978ರಲ್ಲಿ ಎಂಬ್ರಿಯೊ ತಂಡ ಒಂದು ಸಾಹಸಕ್ಕೆ ಕೈಯಿಕ್ಕಿತು. ವಾದ್ಯ, ಸಾಮಾನು, ಸಂಸಾರ ಸಮೇತ ಬಸ್ಸುಗಳನ್ನೇರಿ ರಸ್ತೆಯ ಮೂಲಕವೇ ಭಾರತಕ್ಕೆ ಹೊರಟಿತು. ತುರ್ಕಿ, ಇರಾನ್, ಅಫ್ಘಾನಿಸ್ತಾನ, ಪಾಕಿಸ್ತಾನಗಳನ್ನು ದಾಟಿ, ದಾರಿಯುದ್ದಕ್ಕೂ ಸ್ಥಳೀಯ ಕಲಾವಿದರೊಡನೆ ನುಡಿಸುತ್ತ, ಧ್ವನಿಮುದ್ರಿಸಿಕೊಳ್ಳುತ್ತ ಸಾಗಿದ ಪಯಣವದು. ವರ್ನರ್ ಪೆನ್ಜೆಲ್ ಅವರ 'ವಾಗಾಬುಂಡನ್ ಕರವಾನೆ' ಎಂಬ ಸಾಕ್ಷ್ಯಚಿತ್ರ ಮತ್ತು 'ಎಂಬ್ರಿಯೋಸ್ ರೈಸೆ' ಎಂಬ ಜೋಡಿ ಧ್ವನಿಮುದ್ರಿಕೆ ಆ ಯಾತ್ರೆಯ ಫಲಗಳು. 1979ರಲ್ಲಿ ಇರಾನಿನಲ್ಲಿ ಕ್ರಾಂತಿಯಾಯಿತು, ಅದೇ ವರ್ಷದ ಡಿಸೆಂಬರಿನಲ್ಲಿ ಸೋವಿಯತ್ ಸೈನ್ಯ ಅಫ್ಘಾನಿಸ್ತಾನವನ್ನು ಹೊಕ್ಕಿತು. ಆ ರಸ್ತೆ ಮುಂದೆ ಅಂತಹ ಪಯಣಿಗರಿಗೆ ಮುಚ್ಚಿಯೇ ಹೋಯಿತು.

ಬೆಂಗಳೂರಿನಲ್ಲಿ ಆ ವೇಳೆಗೆ 'ಕರ್ನಾಟಕ ಕಾಲೇಜ್ ಆಫ್ ಪರ್ಕಶನ್' ಎಂಬ ತಾಳವಾದ್ಯಶಾಲೆ ಹದಿನೈದು ವರ್ಷಗಳ ಹರೆಯವನ್ನು ಮುಟ್ಟುತ್ತಿತ್ತು. ಮೃದಂಗ ವಿದ್ವಾಂಸ ಟಿ.ಎ.ಎಸ್. ಮಣಿಯವರು 1964ರಲ್ಲಿ ಸ್ಥಾಪಿಸಿದ ಸಂಸ್ಥೆ ಇದು. ಅವರ ಧರ್ಮಪತ್ನಿ ಆರ್.ಎ. ರಮಾಮಣಿಯವರು ಶಾಸ್ತ್ರೀಯ ಗಾಯಕಿ, ಲಯಜ್ಞಾನದಲ್ಲಿಯೂ ಪಳಗಿದವರು. ಘಟ ಮತ್ತು ಮೋರ್ಸಿಂಗ್‌ಗೆ ಆರ್.ಎ. ರಾಜಗೋಪಾಲ್, ಖಂಜಿರಕ್ಕೆ ಟಿ.ಎನ್. ಶಶಿಕುಮಾರ್. ಈ ಬಳಗ, ಎಂಬ್ರಿಯೊ ಮತ್ತು ಮರಿಯಾನೊ ಮೂವರೂ ಕೂಡಿದ 'ಲೈಫ್' ಧ್ವನಿಮುದ್ರಿಕೆ 1980ರಲ್ಲಿ ಪ್ರಕಟವಾಯಿತು.

ಎರಡು ಬೇರೆ ಜಗತ್ತುಗಳ ಸಂಗೀತ ಹೊಂದಿಕೊಂಡದ್ದು ಹೇಗೆ ಎಂದು ತಾವು ಕೇಳಬಹುದು. ಪಾಶ್ಚಾತ್ಯ ಸಂಗೀತದಲ್ಲಿ ಸ್ವರಮೇಳಗಳು ಹೆಜ್ಜೆಹೆಜ್ಜೆಗೂ ಬದಲಾಗುತ್ತವೆ; ನಮ್ಮಲ್ಲಿ ತಂಬೂರಿಯ ಶ್ರುತಿ ಅಲುಗುವುದಿಲ್ಲ. ಆದರೆ ಐವತ್ತರ ದಶಕದ ಅಂತ್ಯದಿಂದಲೇ ಜಾಝ್ ವಾದಕರು ಒಂದೇ ಸ್ವರಶ್ರೇಣಿಯಲ್ಲಿ ಬಹುಕಾಲ ನಿಂತು ವಿಸ್ತರಿಸುವ ಕ್ರಮವನ್ನು ಕಂಡುಕೊಂಡಿದ್ದರು. ಅದು ನಮ್ಮ ರಾಗಾಲಾಪನೆಗೆ ಹತ್ತಿರದ ದಾರಿ. ಇನ್ನು ಲಯದ ವಿಚಾರ. ನಾಲ್ಕರ ಎಣಿಕೆಗೆ ಒಗ್ಗಿದ ರಾಕ್ ಡ್ರಮ್ಮಿನವರಿಗೆ ಐದು, ಏಳು, ಒಂಬತ್ತರ ಎಣಿಕೆ ಕಠಿಣ. ನಮ್ಮ ಮಕ್ಕಳಾದರೋ 'ತಕಿಟ ತಕಧಿಮಿ' ಎಂದು ಬಾಯಲ್ಲಿ ಹೇಳಿಕೊಂಡೇ ಮೂರು ಮತ್ತು ನಾಲ್ಕನ್ನು ಕೂಡಿಸಿ ಮಿಶ್ರಚಾಪುವಿನ ಏಳನ್ನು ದಾಟುತ್ತಾರೆ. ಇದೇ ಕೊನ್ನಕ್ಕೋಲು. ಕೈಗಿಂತ ಮೊದಲು ನಾಲಗೆ ಕಲಿಯುವ ಈ ಪದ್ಧತಿಗೆ ಭಾಷೆಯ ಗಡಿಯಿಲ್ಲ. ವೈದ್ಯನಾಗಿ ಒಂದು ಮಾತು ಸೇರಿಸುತ್ತೇನೆ: ನಮ್ಮ ಹೃದಯವೂ ಸಮಭಾಗದಲ್ಲಿ ಬಡಿಯುವುದಿಲ್ಲ. ವಿಶ್ರಾಂತಿಯಲ್ಲಿರುವಾಗ ಸಂಕೋಚನ ಚಿಕ್ಕದು, ವಿಕಸನ ದೀರ್ಘ. ವಿಷಮ ಲಯವನ್ನು ಕೇಳಿದಾಗ ವಿದೇಶಿ ಶ್ರೋತೃವೂ ತಲೆದೂಗಿದರೆ ನನಗೆ ಅಚ್ಚರಿಯಿಲ್ಲ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಇಂತಹ ಮಿಲನಗಳಲ್ಲಿ ನಮ್ಮ ವಾದ್ಯಗಳನ್ನು ಒಗ್ಗರಣೆಯಂತೆ ಬಳಸಿಕೊಳ್ಳುವುದು ಸಾಮಾನ್ಯ. ಪರಿಮಳ ಬೇಕು, ಊಟ ಮಾತ್ರ ಬೇರೆಯವರದು. ಬೆಂಗಳೂರಿನ ಬಳಗ ಅದಕ್ಕೆ ಒಳಗಾಗಲಿಲ್ಲ. 1983ರ ಫೆಬ್ರುವರಿಯಲ್ಲಿ ಜರ್ಮನಿಯ ಲುಡ್ವಿಗ್ಸ್‌ಬುರ್ಗ್‌ನಲ್ಲಿ ಮರಿಯಾನೊ ಅವರೊಡನೆ ಮುದ್ರಿಸಿದ 'ಜ್ಯೋತಿ'ಯನ್ನು ನೋಡಿ. ಪ್ರತಿಷ್ಠಿತ ಇ.ಸಿ.ಎಂ. ಸಂಸ್ಥೆಯ ಮಾನ್‌ಫ್ರೆಡ್ ಐಶರ್ ಅದರ ನಿರ್ಮಾಪಕರು. ಮುಖಪುಟದ ಮೇಲೆ ಮರಿಯಾನೊ ಹೆಸರಿನ ಜೊತೆಯಲ್ಲಿಯೇ ಸಂಸ್ಥೆಯ ಹೆಸರೂ ಇದೆ. ಮುದ್ರಿಕೆ ಆರಂಭವಾಗುವುದು ಸ್ಯಾಕ್ಸೊಫೋನಿನಿಂದಲ್ಲ, ರಮಾಮಣಿಯವರ ಕಂಠದಿಂದ. ಅರವತ್ತರ ಹೊಸ್ತಿಲಲ್ಲಿದ್ದ ಜಗದ್ವಿಖ್ಯಾತ ವಾದಕರು ಆ ದನಿಗಾಗಿ ಕಾದಿದ್ದು, ಅದರ ಹಿಂದೆ ಮೆಲ್ಲನೆ ಬರುತ್ತಾರೆ. ಮಣಿ ದಂಪತಿಗಳು ಜಾಝ್‌ನವರಾಗಲು ಹೋಗಲಿಲ್ಲ; ತಮ್ಮ ತಾಳದಲ್ಲಿ ತಾವು ನಿಂತು, ಬಂದವರಿಗೆ ಪಕ್ಕದಲ್ಲಿ ಮಣೆ ಹಾಕಿದರು.

ಕೋಶವಿಭಜನೆ ಮುಂದುವರಿಯಿತು. ಎಂಬ್ರಿಯೊದಲ್ಲಿದ್ದ ಊವೆ ಮ್ಯೂಲ್‌ರಿಶ್, ಮೈಕೆಲ್ ವೇಮೈಯರ್, ಫ್ರೀಡೊ ಯೋಶ್ 1981ರಲ್ಲಿ ಹೊರಬಂದು 'ಡಿಸಿಡೆಂಟನ್' ತಂಡವನ್ನು ಕಟ್ಟಿದರು. ಅವರ ಮೊದಲ ಧ್ವನಿಮುದ್ರಿಕೆ, 1982ರ 'ಜರ್ಮನಿಸ್ತಾನ್', ಮತ್ತೆ ಬೆಂಗಳೂರಿನ ಇದೇ ಬಳಗದೊಡನೆ ತಯಾರಾಯಿತು. ಮುಂದೆ ಅವರು ಮೊರಾಕ್ಕೊದ ಕಡೆಗೆ ಹೊರಳಿದರು. ರೋಮನ್ ಬುಂಕಾ ಅರಬರ ಊದ್ ವಾದ್ಯವನ್ನು ಕಲಿತು ಅದರಲ್ಲಿ ಹೆಸರುಗಳಿಸಿದರು.

ಈಗ ಇವರಲ್ಲಿ ಹಲವರು ನಮ್ಮೊಡನಿಲ್ಲ. ಮರಿಯಾನೊ 2009ರಲ್ಲಿ ಕಲೋನ್‌ನಲ್ಲಿ, ಬುರ್ಕಾರ್ಡ್ 2018ರಲ್ಲಿ, ಟಿ.ಎ.ಎಸ್. ಮಣಿಯವರು 2020ರಲ್ಲಿ, ಬುಂಕಾ 2022ರಲ್ಲಿ ತೀರಿಕೊಂಡರು. ಆದರೆ ಎಂಬ್ರಿಯೊ ನಿಲ್ಲಲಿಲ್ಲ. ತಂದೆಯ ಬಸ್ಸು, ಬಿಡಾರ, ಕಛೇರಿಗಳ ನಡುವೆ ಬೆಳೆದ ಮಾರ್ಯಾ ಬುರ್ಕಾರ್ಡ್ ತಂಡದ ನೇತೃತ್ವ ವಹಿಸಿದರು. 2021ರಲ್ಲಿ 'ಔಫ್ ಔಫ್' ಧ್ವನಿಮುದ್ರಿಕೆಯನ್ನು ಹೊರತಂದರು. ಆಕೆಯೂ ನುಡಿಸುವುದು ವೈಬ್ರಫೋನ್.

ಬಂಧುಗಳೇ, ಹೊರನಾಡಿನಲ್ಲಿ ಮಕ್ಕಳನ್ನು ಬೆಳೆಸುವ ನಮ್ಮೆಲ್ಲರನ್ನೂ ಕಾಡುವ ಚಿಂತೆ ಒಂದೇ. ಶಾಲೆಯಲ್ಲಿ ಜಪಾನಿ, ಗಣಕಯಂತ್ರದಲ್ಲಿ ಇಂಗ್ಲಿಷು, ಅಜ್ಜಿಯೊಡನೆ ದೂರವಾಣಿಯಲ್ಲಿ ಮಾತ್ರ ಕನ್ನಡ. ಈ ಬೆರಕೆಯಲ್ಲಿ ನಮ್ಮದು ಉಳಿದೀತೇ? ಈ ಚರಿತ್ರೆಯನ್ನು ಓದಿದ ಮೇಲೆ ನನ್ನ ಚಿಂತೆ ಸ್ವಲ್ಪ ಬೇರೆಯಾಗಿದೆ. ಬೆರೆಯುವುದರಿಂದ ಮಣಿ ದಂಪತಿಗಳ ಸಂಗೀತ ಕೆಡಲಿಲ್ಲ. ಏಕೆಂದರೆ ಬೆರೆಯುವ ಮುನ್ನ ಅವರಿಗೆ ತಮ್ಮ ಎಣಿಕೆ ಕರತಲಾಮಲಕವಾಗಿತ್ತು. ಕೆಡುಕು ಇರುವುದು ಬೆರಕೆಯಲ್ಲಲ್ಲ, ನನ್ನಂತೆ ಮನೆಯ ಹೆಸರನ್ನೇ ಅರಿಯದೆ ಹೊರಟುಬರುವುದರಲ್ಲಿ. ನಿಮ್ಮ ಮಕ್ಕಳನ್ನು ಯಾರಾದರೂ, "ನೀವು ಕರ್ನಾಟಕದವರಲ್ಲವೇ?" ಎಂದು ಕೇಳಿ ಒಂದು ಹೆಸರನ್ನು ಹೇಳುವ ದಿನ ಬಂದೇ ಬರುತ್ತದೆ. ಅಂದು ಅವರು ನನ್ನಂತೆ ತಲೆ ತಗ್ಗಿಸಬೇಕಾಗದಿರಲಿ.

ಈ ರಾತ್ರಿ ಊಟವಾದ ಮೇಲೆ 'ಜ್ಯೋತಿ'ಯ ಮೊದಲ ಹಾಡನ್ನು ಇಲ್ಲಿಯೇ ಹಾಕಿಸುತ್ತೇನೆ. ಮಕ್ಕಳು ಮುಂದಿನ ಸಾಲಿನಲ್ಲಿ ಕುಳಿತುಕೊಳ್ಳಲಿ.