ಹಿತ್ತಲ ಕುಂಬಳ ಎಲ್ಲಿಂದ ಬಂತು, ಯಾರು ಹೆಚ್ಚಬೇಕು?

ದೀಪಾವಳಿ ಹತ್ತರ ಬಂತಂದ್ರ ನಮ್ಮ ಕಡೆ ಬೇಲಿ ಮ್ಯಾಲ, ತಿಪ್ಪಿ ಮ್ಯಾಲ, ಮಾಳಗಿ ಮ್ಯಾಲ ಎಲ್ಲಿ ನೋಡಿದ್ರೂ ಕುಂಬಳಕಾಯಿ. ನಮ್ಮ ಬನಹಟ್ಟಿಯ ಮಗ್ಗದ ಓಣಿಯೊಳಗ ಹಿತ್ತಲ ಅಂದ್ರ ನಾಕು ಮಾರು ಜಾಗ. ಆದ್ರೂ ಬಚ್ಚಲ ನೀರು ಹರಿಯೂ ಕಡೆ ಎರಡು ಬೀಜ ಊರಿದ್ರ ಸಾಕು, ಬಳ್ಳಿ ತನ್ನ ದಾರಿ ತಾನ ಹುಡುಕಿಕೊಂಡು ಮಾಳಗಿ ಏರತೈತಿ. ಪಲ್ಯ ಆತು, ಗಾರಗಿ ಆತು, ಹುಗ್ಗಿನೂ ಆತು, ಇನ್ನೇನ ಮಾಡೂದು ಅಂತ ನಮ್ಮ ವೈನ್ಯಾರು ಕೇಳಿದರು. ಗಟ್ಟಿ ಸಾರು ಮಾಡರಿ ಅಂದೆ. ಪ್ಯಾಟಿ ಹೋಟೆಲಿನ್ಯಾಗ ಇದನ್ನ ಸೂಪು ಅಂತ ಕೊಡತಾರ. ಮಾಡೂದು ಸಣ್ಣ ಕೆಲಸ, ಅದರ ಹಿಂದಿನ ಕತಿ ಮಾತ್ರ ದೊಡ್ಡದು.

ಮೊದಲ ಸಾರು ಹೇಳಿಬಿಡತೇನಿ. ಅರ್ಧ ಕಿಲೋ ಹಣ್ಣಾದ ಕುಂಬಳಕಾಯಿ, ಒಂದು ಉಳ್ಳಾಗಡ್ಡಿ, ನಾಲ್ಕೈದು ಎಸಳು ಬಳ್ಳೊಳ್ಳಿ. ಎರಡು ದೊಡ್ಡ ಚಮಚ ಶೇಂಗಾ ಹುರಿದು, ಸಿಪ್ಪಿ ತಿಕ್ಕಿ ತೆಗೆದು, ಬಿಸಿನೀರಾಗ ಅರ್ಧ ತಾಸು ನೆನಿ ಇಡರಿ. ಒಂದು ಚಮಚ ಎಣ್ಣಿಯೊಳಗ ಜೀರಗಿ ಸಿಡಿಸಿ, ಬಳ್ಳೊಳ್ಳಿ, ಉಳ್ಳಾಗಡ್ಡಿ, ಒಂದು ಹಸಿಮೆಣಸಿನಕಾಯಿ ಬಾಡಿಸಿ, ಕುಂಬಳದ ಹೋಳು, ಉಪ್ಪು, ಮೂರು ಬಟ್ಟಲ ನೀರು ಹಾಕಿ ಮೆತ್ತಗ ಕುದಿಸರಿ. ಆರಿದ ಮ್ಯಾಲ ಶೇಂಗಾದ ಜೋಡಿ ನುಣ್ಣಗ ರುಬ್ಬರಿ. ತಿರುಗಿ ಒಲಿ ಮ್ಯಾಲ ಇಟ್ಟು ಒಂದು ಕುದಿ ಬಂದಿಂದ ಉರಿ ಸಣ್ಣ ಮಾಡಿ, ಅರ್ಧ ಬಟ್ಟಲ ಹಾಲು ಬಿಟ್ಟು ಇಳಿಸರಿ. ಹಾಲು ಹಾಕಿದ ಮ್ಯಾಲ ಕುದಿಸಬ್ಯಾಡರಿ, ಒಡೀತೈತಿ. ಕೆನಿ ಹಾಕೂ ಜರೂರ ಇಲ್ಲ. ಶೇಂಗಾನ ಕೆನಿ ಕೆಲಸ ಮಾಡತೈತಿ. ಕಡೀಕ ಕರಿಮೆಣಸಿನ ಪುಡಿ. ಕಟಕ ರೊಟ್ಟಿ ಮುರದು ಹಾಕ್ಕೊಂಡು ತಿಂದ್ರ ಮತ್ತೇನೂ ಬ್ಯಾಡ.

ಈಗ ಗಡಗಿಯೊಳಗ ಬಿದ್ದದ್ದನ್ನ ಎಣಿಸಿ ನೋಡರಿ. ಕುಂಬಳ, ಶೇಂಗಾ, ಮೆಣಸಿನಕಾಯಿ. ಮೂರೂ ನಮ್ಮ ನೆಲದಾಗ ಹುಟ್ಟಿದವಲ್ಲ. ಮೂರೂ ಸಮುದ್ರದ ಆಚಿ ಅಮೆರಿಕ ಖಂಡದಿಂದ ಬಂದವು. ಮೆಕ್ಸಿಕೋ ದೇಶದ ಒಂದು ಗವಿಯೊಳಗ ಸಿಕ್ಕ ಕುಂಬಳ ಜಾತಿಯ ಬೀಜ ಸುಮಾರು 10,000 ವರ್ಷ ಹಳೇವು. ಅಲ್ಲಿ ಮಂದಿ ಗೋವಿನಜ್ವಾಳ ಬೆಳಿಯೂದಕ್ಕಿಂತ ಮೊದಲ ಕುಂಬಳ ಬೆಳಿತಿದ್ದರು.

ನಮ್ಮ ಮುಧೋಳ ತಾಲೂಕಿನ ಬೆಳಗಲಿಯ ರನ್ನ ಕವಿ ನಿಮಗೆಲ್ಲಾ ಗೊತ್ತು. ಆ ಊರಿಗೆ ಈಗ ರನ್ನಬೆಳಗಲಿ ಅಂತನ ಹೆಸರು. ಬಳೆಗಾರರ ಮನಿತನದವ, 993ರಾಗ ಅಜಿತಪುರಾಣ ಬರದವ. ಅವನ ತಾಯಿ ಅಬ್ಬಲಬ್ಬೆ. ಸಾವಿರ ವರ್ಷದ ಹಿಂದ ಆ ತಾಯಿ ಒಲಿ ಮುಂದ ಕೂತಾಗ ಸೋರೆಕಾಯಿ ಇದ್ದೀತು, ಬದನಿಕಾಯಿ ಇದ್ದೀತು, ಎಳ್ಳು, ತೊಗರಿ, ಜ್ವಾಳ, ಕರಿಮೆಣಸು ಇದ್ದಾವು. ಆದ್ರ ಕೆಂಪ ಕುಂಬಳ ಇರಲಿಲ್ಲ, ಶೇಂಗಾ ಇರಲಿಲ್ಲ, ಖಾರದ ಮೆಣಸಿನಕಾಯಿ ಇರಲಿಲ್ಲ. ಶೇಂಗಾ ಹಿಂಡಿ ಇಲ್ಲದ ಊಟ ನಮಗ ಊಟ ಅನಸೂದಿಲ್ಲ, ಆಕಿಗೆ ಆ ಹೆಸರ ಗೊತ್ತಿರಲಿಲ್ಲ!

ಅದಾದ ಐನೂರು ವರ್ಷಕ್ಕ, 16ನೇ ಶತಮಾನ ಶುರು ಆದಾಗ, ಮೂರನೆಯ ಮಂಗರಸ ಅನ್ನಾಂವ ಷಟ್ಪದಿಯೊಳಗ ಅಡಿಗಿ ಮಾಡೂದನ್ನ ಬರದ, ಅದ ಸೂಪಶಾಸ್ತ್ರ. ಸೂಪ ಅಂದ್ರ ಸಂಸ್ಕೃತದಾಗ ಬ್ಯಾಳಿ ತೊವ್ವಿ. ಇಂಗ್ಲಿಷಿನ ಸೂಪು, ಇದು ಕೇಳಾಕ ಒಂದ. ಅದ ಹೊತ್ತಿನ್ಯಾಗ, 1510ರಾಗ, ಪೋರ್ತುಗೀಜರು ಗೋವಾ ಹಿಡಿದರು. ಕೊಲಂಬಸ್ ಅಮೆರಿಕ ಮುಟ್ಟಿ ಆಗ 18 ವರ್ಷ ಆಗಿತ್ತು. ಆ ಕಡಿ ಬೆಳಿಗಳು ಇಂಥಾ ಹಡಗಿನ ಕೂಡ ನಮ್ಮ ದಂಡಿಗೆ ಬಂದವು, ಮುಂದ ಊರೂರಿಗೆ ಹಬ್ಬಿದವು.

ಹೊರಗಿಂದ ಬಂದದ್ದಕ್ಕ ಹೆಸರ ಸಾಕ್ಷಿ. ತಮಿಳು ಮಂದಿ ಕುಂಬಳಕ್ಕ ಪರಂಗಿಕಾಯಿ ಅಂತಾರ, ಪರಂಗಿ ಅಂದ್ರ ಪರದೇಶದವ. ಕರಾವಳಿ, ಮಲೆನಾಡಿನ ಕಡೆ ಚೀನಿಕಾಯಿ ಅಂತಾರ. ಬಂದದ್ದು ಚೀನಾದಿಂದ ಅಲ್ಲ, ಆದ್ರ ನಮ್ಮದಲ್ಲ ಅನ್ನೂದು ಆ ಹೆಸರಿನ್ಯಾಗ ಉಳದೈತಿ. ನಾವು ಮಾತ್ರ ಕುಂಬಳ ಅಂತನ ಕರದವಿ. ಕುಂಬಳ ಅನ್ನೂ ಹೆಸರು ಮೊದಲ ಬೂದಗುಂಬಳದ್ದು, ಸಂಸ್ಕೃತದಾಗ ಕೂಷ್ಮಾಂಡ ಅಂತಾರಲ್ಲ, ಅದು. ಹೊಸ ಕಾಯಿ ಬಂದಾಗ ಹಳೇ ಕಾಯಿ ಹೆಸರನ್ನ ಕೊಟ್ಟರು.

ನಾನು ಇಷ್ಟೆಲ್ಲಾ ಹೇಳೂದಕ್ಕ ಕಾರಣ ಐತಿ. ಹೆಣ್ಮಕ್ಕಳು ಇಡೀ ಕುಂಬಳಕಾಯಿಗೆ ಮೊದಲ ಕತ್ತಿ ಹಾಕಬಾರದು, ಗಂಡಸರು ಒಂದು ಏಟು ಹಾಕಿ ಕೊಟ್ಟ ಮ್ಯಾಲನ ಹೆಚ್ಚಬೇಕು ಅಂತ ನಮ್ಮ ಎಷ್ಟೋ ಮನಿಯೊಳಗ ಈಗೂ ಐತಿ. ನಮ್ಮ ಓಣಿಯಾಗ ಒಬ್ಬರು ಕಾಕು ಅದಾರ. ಕಾಕಾ ತೀರಿ ಬಾಳ ವರ್ಷ ಆತು, ಮಗ ಪುಣೆದಾಗ. ಬೀಜ ಊರಿದವರು ಕಾಕು, ಕೊಡದಲೆ ನೀರು ಹಾಕಿದವರು ಕಾಕು, ಮಾಳಗಿ ಏರಿ ಕಾಯಿ ಇಳಿಸಿದವರೂ ಕಾಕುನ. ಹೆಚ್ಚಾಕ ಮಾತ್ರ ಓಣಿ ಹುಡುಗರನ್ನ ಕರಕೊಂತ ತಿರಗತಾರ. ಹೋದ ವರ್ಷ ಯಾರೂ ಸಿಗದ ಹದಿನೈದು ದಿವಸ ಕಾಯಿ ಮೂಲ್ಯಾಗ ಕೂತಿತ್ತು. ಗಂಡಸರಿಲ್ಲದ ಮನಿ ಅನ್ನೂದನ್ನ ಆ ಕಾಯಿ ದಿನಾ ನೆನಪ ಮಾಡಿ ಕೊಡತಿತ್ತು.

ಈ ಕಟ್ಟಳಿ ಎಲ್ಲಿಂದ ಬಂದೀತು? ಬೂದಗುಂಬಳ ಬಲಿ ಬದಲಿಗೆ ಒಡಿಯೂ ಕಾಯಿ. ಆಯುಧ ಪೂಜಾದಾಗ ಕುಂಕುಮ ಹಾಕಿ ಒಡೀತಾರ, ದೃಷ್ಟಿಗೆ ಬಾಗಲಕ್ಕ ಕಟ್ಟತಾರ. ಬಲಿ ಕೊಡೂದು ಗಂಡಸರ ಕೆಲಸ ಅಂತಿತ್ತು. ಹೆಸರಿನ ಜೋಡಿ ಆ ಕಟ್ಟಳಿನೂ ಹೊಸ ಕಾಯಿಗೆ ಅಂಟಿಕೊಂಡಿರಬೇಕು ಅಂತ ನನಗ ಅನಸತೈತಿ. ಅಬ್ಬಲಬ್ಬೆ ಕಣ್ಣಿಲೆ ಕಾಣದ ಕಾಯಿಗೆ ಅನಾದಿ ಕಾಲದ ಕಟ್ಟಳಿ ಎಲ್ಲಿಂದ ಬರಬೇಕ್ರಿ? ಅದ ಹಡಗಿನ ಕೂಡ ಬಂದ ಮೆಣಸಿನಕಾಯಿ ಮುರಿಯಾಕ ನಾವು ಯಾರನ್ನೂ ಕೇಳಂಗಿಲ್ಲ.

ದೂರದ ಹೈಟಿ ದೇಶದ್ದೊಂದು ಮಾತು ಐತಿ. ಅಲ್ಲಿ ಫ್ರೆಂಚರ ಕೈಯಾಗ ಗುಲಾಮರಾಗಿದ್ದವರು ಧಣಿಗಳಿಗೆ ಕುಂಬಳದ ಸೂಪು ಮಾಡಿ ಬಡಸತಿದ್ದರಂತ, ತಾವು ಮಾತ್ರ ತಿನ್ನೂ ಹಂಗಿರಲಿಲ್ಲ ಅಂತ ಅಲ್ಲಿಯವರ ಹೇಳಿಕಿ. 1804ರ ಜನವರಿ 1ಕ್ಕ ಸ್ವಾತಂತ್ರ್ಯ ಸಿಕ್ಕಿತು. ಅವತ್ತಿನ ನೆನಪಿಗೆ ಪ್ರತಿ ವರ್ಷ ಜನವರಿ 1ಕ್ಕ ಮನಿ ಮನಿಯಾಗ ಅದ ಸೂಪು, ಸೂಪ್ ಜೂಮೂ. 2021ರಾಗ ಯುನೆಸ್ಕೋದವರು ಅದನ್ನ ಅಮೂರ್ತ ಸಾಂಸ್ಕೃತಿಕ ಪರಂಪರಾ ಪಟ್ಟಿಯೊಳಗ ಸೇರಿಸಿದರು. ಮಾಡಿದವರ ಕೈಗೆ ಮಾಡಿದ್ದು ಸಿಗಬೇಕು, ಅಷ್ಟ ಅದರ ಅರ್ಥ.

ಕಾಯಿ ಬಿರಸ ಇರತೈತಿ, ಕೈಗೆ ಪೆಟ್ಟಾಗತೈತಿ ಅಂತ ಕೆಲವರು ಅಂತಾರ. ಅದು ಖರೆ. ಅದಕ್ಕ ಉಪಾಯ ಐತಿ. ಕೆಳಗ ಒದ್ದಿ ಅರಿವಿ ಹಾಸರಿ, ಕಾಯಿ ಜಾರೂದಿಲ್ಲ. ತೊಟ್ಟಿನ ಮಗ್ಗಲ ದೊಡ್ಡ ಚಾಕುವಿನ ತುದಿ ಊರಿ, ಗೆರಿ ಹಿಡದು ಕೆಳಗ ಎಳೀರಿ. ತೊಟ್ಟಿನ ಮ್ಯಾಲ ಹೊಡಿಯಾಕ ಹೋಗಬ್ಯಾಡರಿ.

ಬೀಜ ಒಗಿಬ್ಯಾಡರಿ. ತೊಳದು, ಬೂದಿ ಹಚ್ಚಿ, ನೆಳ್ಳಾಗ ಒಣಗಿಸಿ ಅರಿವಿಯೊಳಗ ಕಟ್ಟಿ ಇಡರಿ. ಬೀಳಗಿ ತಾಲೂಕಿನ್ಯಾಗ ನಮ್ಮ ದೊಡ್ಡವ್ವನ ಊರು ಆಲಮಟ್ಟಿ ಹಿನ್ನೀರಿಗೆ ಹೋದಾಗ ಹಿತ್ತಲ ಪೂರಾ ಮುಳಗಿತು. ಆಕಿ ಸೆರಗಿನ ಗಂಟಿನ್ಯಾಗ ತಂದ ಬೀಜದ ಪೀಳಿಗಿನ ಇವತ್ತು ನನ್ನ ಮಾಳಗಿ ಮ್ಯಾಲ ಕಾಯಿ ಬಿಟ್ಟೈತಿ. ಮೊದಲನೇದನ್ನ ನಾನ ಹೆಚ್ಚಿದೆ. ಕಾಕುಗೂ ಹೇಳೇನಿ, ಈ ಸಲ ಹುಡುಗರನ್ನ ಹುಡಕಾಕ ಹೋಗಬ್ಯಾಡರಿ ಅಂತ. ನೋಡೂಣು ತಗೋ ಅಂದಾರ.