ಕಡೆದ ಕಂಬ

ಮಗ ಐ.ಟಿ.ಐ.ಯಲ್ಲಿ ಟರ್ನರ್ ಕೆಲಸ ಕಲಿತು ವರ್ಕ್‌ಶಾಪೊಂದಕ್ಕೆ ಸೇರಿದ ಹೊಸತು. ಅವನು ಲೇತಿನಲ್ಲಿ ಕಡೆದ ಉಕ್ಕಿನ ಶಾಫ್ಟಿನ ಮೇಲೆಲ್ಲ ನೂಲು ಸುತ್ತಿದಂಥ ಗೆರೆ. ಮೇಸ್ತ್ರಿ ಮೂರು ಸಲ ಹಿಂದಕ್ಕೆ ಕೊಟ್ಟರು. "ಅವ್ವಾ, ಈ ಕೆಲಸ ನನಗ ಒಗ್ಗಂಗಿಲ್ಲ" ಎಂದು ಊರಿಗೆ ಬಂದುಬಿಟ್ಟ. ಬೈಯಲಿಲ್ಲ, ಭಾನುವಾರ ಮಹಾಕೂಟಕ್ಕೆ ಕರೆದುಕೊಂಡು ಹೋದೆ.

ಪುಷ್ಕರಣಿಯ ಸುತ್ತಲಿನ ಗುಡಿಗಳು 6-7ನೆಯ ಶತಮಾನದ ಬಾದಾಮಿ ಚಾಲುಕ್ಯರವು. ಚೌಕ ಕಂಬದ ಮೇಲೆ ಕೈಯಾಡಿಸಿ, "ಇದೂ ಒರಟ" ಎಂದು ನಕ್ಕ. ಕಾಳುಕಾಳಾದ ಮರಳುಗಲ್ಲಿಗೆ ಕನ್ನಡಿಯ ನುಣುಪು ಬರುವುದಿಲ್ಲ. ಹಾಗೆಂದು ಅದು ಹೀನವಲ್ಲ. ಇಲ್ಲಿದ್ದ, ಕ್ರಿ.ಶ. 602ರ ಮಂಗಳೇಶನ ಶಾಸನಕಂಬ ರಾಣಿ ದುರ್ಲಭದೇವಿಯ ದಾನವನ್ನು ಇಂದಿಗೂ ಹೇಳುತ್ತದೆ. ನುಣುಪು ಬೇಕಾದಾಗ, 11ನೆಯ ಶತಮಾನದ ಹೊತ್ತಿಗೆ, ಶಿಲ್ಪಿಗಳು ಮೆತ್ತನೆಯ ಬಳಪದ ಕಲ್ಲನ್ನು ಆರಿಸಿ, ತಿರುಗಿಸುತ್ತ ಉಳಿಯಿಂದ ಕಡೆದರು. ಲಕ್ಕುಂಡಿಯ ಕಾಶಿವಿಶ್ವೇಶ್ವರ ಗುಡಿಯಲ್ಲಿ ಬಳೆ ತೊಡಿಸಿದಂಥ ಆ ಕಂಬಗಳು ಇನ್ನೂ ಮಿರುಗುತ್ತವೆ.

ಮಜ್ಜಿಗೆಯನ್ನೂ ಕಡೆಯುತ್ತೇವೆ, ಕಂಬವನ್ನೂ ಕಡೆಯುತ್ತೇವೆ. ಕನ್ನಡದಲ್ಲಿ ಎರಡಕ್ಕೂ ಒಂದೇ ಮಾತು. ಕೊನೆಗಳಿಗೆಯಲ್ಲಿ ಅವಸರಪಟ್ಟರೆ ಬೆಣ್ಣೆ ಕೂಡುವುದಿಲ್ಲ ಎಂಬುದು ನಮಗೆ ಗೊತ್ತಿಲ್ಲವೆ? ಅಷ್ಟನ್ನೇ ಅವನಿಗೆ ಹೇಳಿದೆ.

ಬಸ್ಸಿಗೆ ಕಾಯುವಾಗ ಅವನೇ ಬಾಯಿಬಿಟ್ಟ: "ಟೂಲಿನ ತುದಿ ಸ್ವಲ್ಪ ದುಂಡಗ ಸಾಣಿ ಹಿಡೀಬೇಕಿತ್ತವ್ವಾ. ಕಡೀಗೆ ತೆಳ್ಳಗ ಕೊರದು, ಫೀಡ್ ಸಾವಕಾಶ ಇಟ್ಟು, ಕೂಲಂಟ್ ಬಿಡಬೇಕಿತ್ತು. ನಾ ಗಡಿಬಿಡಿ ಮಾಡಿದೆ."

ಸೋಮವಾರ ಕೆಲಸಕ್ಕೆ ಹೋದ. ನಾಲ್ಕನೆಯ ಶಾಫ್ಟನ್ನು ಮೇಸ್ತ್ರಿ ಹಿಂದಕ್ಕೆ ಕೊಡಲಿಲ್ಲವಂತೆ.