ನಿಶಾ ಮಿಲೆಟ್: ಮುಳುಗಿ ಬದುಕಿದ ಹುಡುಗಿ ಒಲಿಂಪಿಕ್ಸ್‌ಗೆ ಈಜಿದ್ದು ಹೇಗೆ?

ನಿಶಾ ಮಿಲೆಟ್ 2000ರ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಭಾರತವನ್ನು ಪ್ರತಿನಿಧಿಸಿದ ಬೆಂಗಳೂರಿನ ಈಜುಗಾರ್ತಿ. ಐದನೇ ವಯಸ್ಸಿನಲ್ಲಿ ಇವರು ನೀರಿನಲ್ಲಿ ಮುಳುಗಿ, ಸ್ವಲ್ಪದರಲ್ಲೇ ಪಾರಾಗಿದ್ದರು.

ನಮ್ಮ ಯಲವಿಗಿ, ಸವಣೂರು ಕಡೆ ಒಂದು ಮಗು ಹೀಗೆ ಪಾರಾಗಿ ಬಂದರೆ ಹಿರಿಯರು ಹೇಳುವುದೇನು? ‘ಇದಕ್ಕ ನೀರಿನ ಗಂಡಾಂತರ ಐತಿ, ಕೆರಿ ಕಡೆ ಬಿಡಬ್ಯಾಡ್ರಿ.’ ಭಯ ಸಹಜವೇ. ಆದರೆ ಈಜು ಕಲಿಸದೆ ದೂರವಿಟ್ಟರೆ ಮಗುವಿನ ಅಪಾಯ ಕಡಿಮೆಯಾಗುತ್ತದೆಯೇ?

ನಿಶಾ ಅವರ ಮನೆಯಲ್ಲಿ ಆದದ್ದು ಇದಕ್ಕೆ ವಿರುದ್ಧ. ಮಗಳು ಈಜು ಕಲಿಯಲೇಬೇಕೆಂದು ತಂದೆ ನಿರ್ಧರಿಸಿದರು. 1991ರಲ್ಲಿ, ಒಂಬತ್ತನೇ ವಯಸ್ಸಿನಲ್ಲಿ, ಚೆನ್ನೈನಲ್ಲಿ ಕಲಿಕೆ ಶುರುವಾಯಿತು. ಮುಂದೆ ಬೆಂಗಳೂರಿನ ಬಸವನಗುಡಿ ಈಜು ಕೇಂದ್ರದಲ್ಲಿ ತರಬೇತಿ ಪಡೆದರು. 100 ಮೀಟರ್ ಫ್ರೀಸ್ಟೈಲ್ ಅನ್ನು ಒಂದು ನಿಮಿಷದೊಳಗೆ ಈಜಿದ ಮೊದಲ ಭಾರತೀಯ ಮಹಿಳೆ ಎನಿಸಿದರು. 1999ರ ಇಂಫಾಲ ರಾಷ್ಟ್ರೀಯ ಕ್ರೀಡಾಕೂಟದಲ್ಲಿ 14 ಚಿನ್ನದ ಪದಕ ಗೆದ್ದರು. ಅದೇ ವರ್ಷದ ಅರ್ಜುನ ಪ್ರಶಸ್ತಿಯೂ ಬಂತು. ಸಿಡ್ನಿಯಲ್ಲಿ 200 ಮೀಟರ್ ಫ್ರೀಸ್ಟೈಲ್‌ನ ತಮ್ಮ ಹೀಟ್‌ನಲ್ಲಿ ಮೊದಲಿಗರಾದರೂ ಸೆಮಿಫೈನಲ್ ತಲುಪಲಿಲ್ಲ. 2002ರಲ್ಲಿ ಬೆನ್ನಿನ ಶಸ್ತ್ರಚಿಕಿತ್ಸೆಯಾಯಿತು. 2004ರ ಅಥೆನ್ಸ್ ಒಲಿಂಪಿಕ್ಸ್‌ನ ಅರ್ಹತೆ ಅಲ್ಪದರಲ್ಲೇ ತಪ್ಪಿತು. ನಂತರ ಈಜು ಕಲಿಸುವುದನ್ನೇ ಕೆಲಸವಾಗಿಸಿಕೊಂಡರು.

ಆಧುನಿಕ ಒಲಿಂಪಿಕ್ಸ್‌ನ ಮೊದಲ ಈಜು ಚಾಂಪಿಯನ್ ಕತೆಯೂ ಹೀಗೆಯೇ ಆರಂಭವಾಗುತ್ತದೆ. ಹಂಗೇರಿಯ ಆಲ್‌ಫ್ರೆಡ್ ಹಾಯೋಶ್‌ಗೆ 13 ವರ್ಷವಿದ್ದಾಗ ಅವರ ತಂದೆ ಡಾನ್ಯೂಬ್ ನದಿಯಲ್ಲಿ ಮುಳುಗಿ ತೀರಿಕೊಂಡರು. ಒಳ್ಳೆಯ ಈಜುಗಾರನಾಗಬೇಕೆಂಬ ಹಟ ಆಗ ಹುಟ್ಟಿತು. 1896ರ ಅಥೆನ್ಸ್ ಕೂಟದಲ್ಲಿ ಸ್ಪರ್ಧೆ ನಡೆದದ್ದು ಕೊರೆಯುವ ಸಮುದ್ರದ ನೀರಿನಲ್ಲಿ. ಮೈಗೆ ಗ್ರೀಸ್ ಬಳಿದುಕೊಂಡು ಇಳಿದ ಅವರು 100 ಮತ್ತು 1200 ಮೀಟರ್ ಎರಡನ್ನೂ ಗೆದ್ದರು. ಮುಂದೆ ವಾಸ್ತುಶಿಲ್ಪಿಯಾಗಿ ಬುಡಾಪೆಸ್ಟ್‌ನ ಮಾರ್ಗರೆಟ್ ದ್ವೀಪದಲ್ಲಿ ಈಜುಕೊಳವನ್ನೂ ವಿನ್ಯಾಸ ಮಾಡಿದರು.

ಇದರ ಹಿಂದಿನ ವಿಜ್ಞಾನ ಸರಳ. ನಮ್ಮ ದೇಹದ ಸಾಂದ್ರತೆ ನೀರಿನ ಸಾಂದ್ರತೆಗೆ ಬಹಳ ಹತ್ತಿರ. ಪುಪ್ಪುಸ ತುಂಬ ಗಾಳಿಯಿದ್ದರೆ ಹೆಚ್ಚಿನವರು ತೇಲುತ್ತಾರೆ. ಹೆದರಿದಾಗ ಮಾತ್ರ ತಲೆ ಮೇಲೆತ್ತಿ ಕೈ ಬಡಿಯುತ್ತೇವೆ; ಕಾಲು ಕೆಳಗಿಳಿಯುತ್ತದೆ, ಉಸಿರಾಟದ ಲಯ ತಪ್ಪುತ್ತದೆ. ಅದಕ್ಕೇ ತರಬೇತುದಾರರು ಮೊದಲು ಕೈಕಾಲು ಬಡಿಯುವುದನ್ನು ಕಲಿಸುವುದಿಲ್ಲ. ಮುಖ ನೀರಿನಲ್ಲಿಟ್ಟು ಉಸಿರು ಬಿಡುವುದು, ಆಮೇಲೆ ಸುಮ್ಮನೆ ತೇಲುವುದು: ಇವೇ ಮೊದಲ ಪಾಠಗಳು. ಇವು ರೂಢಿಯಿಂದ ಬರುತ್ತವೆ, ಹುಟ್ಟಿನಿಂದಲ್ಲ. ಆರು ವರ್ಷ ದಾಟಿದ ಶಾಲಾ ಮಕ್ಕಳಿಗೆ ಈಜು ಮತ್ತು ನೀರಿನ ಸುರಕ್ಷತೆ ಕಲಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ.

ಹಾಗೆಂದು ಮಗುವನ್ನು ಕೃಷಿ ಹೊಂಡಕ್ಕೋ ಕಾಲುವೆಗೋ ಇಳಿಸಿ ಕಲಿಸಬೇಡಿ. ಪ್ಲಾಸ್ಟಿಕ್ ಹಾಳೆ ಹೊದಿಸಿದ ಹೊಂಡದ ಬದಿ ಜಾರುತ್ತದೆ; ಈಜು ಬಂದವರಿಗೂ ಮೇಲೇರುವುದು ಕಷ್ಟ. ಅಲ್ಲಿ ಬೇಲಿ, ಕಟ್ಟಿದ ಹಗ್ಗ ಇರಲೇಬೇಕು. ಕಲಿಕೆ ಆಳ ಕಡಿಮೆಯಿರುವ ಕೊಳದಲ್ಲಿ, ಬಲ್ಲವರ ಕಣ್ಣೆದುರು ನಡೆಯಲಿ.

ಒಮ್ಮೆ ಮುಳುಗಿದ ಮಗುವಿಗೆ ನೀರು ಆಗಿಬರುವುದಿಲ್ಲ ಎಂಬ ಮಾತಿಗೆ ಆಧಾರವಿಲ್ಲ. ಈಜು ಕಲಿಯುವ ಅಗತ್ಯ ಎಲ್ಲರಿಗಿಂತ ಹೆಚ್ಚಾಗಿ ಇರುವುದು ಆ ಮಗುವಿಗೇ.